ಕಾಲಿಗೆ ಬುದ್ಧಿ ಹೇಳುವವರು

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ 2022ರ ಜುಲೈ 2 ಮತ್ತು 3ರಂದು ನಡೆದ ಓಟಕ್ಕೆ ಮುಗಿಯುವ ಗೆರೆಯೇ ಇರಲಿಲ್ಲ. ಅದು ಏಷ್ಯಾ ಮತ್ತು ಒಷಿಯಾನಿಯಾ ವಲಯದ 24 ಗಂಟೆಗಳ ಓಟದ ಚಾಂಪಿಯನ್‌ಷಿಪ್. ಇಷ್ಟು ದೂರ ಓಡಬೇಕು ಎಂಬ ನಿಯಮ ಅಲ್ಲಿರಲಿಲ್ಲ. ಇಷ್ಟು ಹೊತ್ತು ಓಡಬೇಕು ಎಂಬುದಷ್ಟೇ ನಿಯಮ. ಒಂದು ಬೆಳಗಿನಿಂದ ಮರುದಿನದ ಬೆಳಗಿನವರೆಗೆ ಓಟಗಾರರು ಅದೇ 400 ಮೀಟರಿನ ಟ್ರ್ಯಾಕನ್ನು ಸುತ್ತಿದರು. ಊಟ, ನೀರು, ಕಾಲಿನ ಬೊಬ್ಬೆಗೆ ಪಟ್ಟಿ, ಐದು ನಿಮಿಷದ ತೂಕಡಿಕೆ ಎಲ್ಲವೂ ಆ 24 ಗಂಟೆಯೊಳಗೇ ಆಗಬೇಕು. ಗೆದ್ದ ಭಾರತದ ಅಮರ್ ಸಿಂಗ್ ದೇವಂದಾ ಕ್ರಮಿಸಿದ ದೂರ 257.618 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿನಿಂದ ದಾವಣಗೆರೆಗೆ ಹೋಗುವಷ್ಟು ದೂರ. ಆದರೆ ಅವರು ದಾವಣಗೆರೆ ತಲುಪಲಿಲ್ಲ. 640ಕ್ಕೂ ಹೆಚ್ಚು ಸುತ್ತು ಹಾಕಿ, ಹೊರಟ ಜಾಗದಲ್ಲೇ ನಿಂತರು.

ಇದನ್ನು ಕೇಳಿದ ಯಾರಿಗಾದರೂ ಮೂಡುವ ಮೊದಲ ಪ್ರಶ್ನೆ: ಯಾಕೆ? ಕ್ರಿಕೆಟ್ಟಿನಂತೆ ಹಣವಿಲ್ಲ, ನೂರು ಮೀಟರ್ ಓಟದಂತೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ರೋಮಾಂಚನವಿಲ್ಲ, ಗ್ಯಾಲರಿಯಲ್ಲಿ ಜನವೂ ಹೆಚ್ಚಿಗೆ ಇರುವುದಿಲ್ಲ. ಇಂಥ ಓಟಕ್ಕೆ ತಮ್ಮನ್ನು ಒಪ್ಪಿಸಿಕೊಳ್ಳುವವರು ಹುಟ್ಟಿನಿಂದಲೇ ಬೇರೆ ಬಗೆಯ ಮನುಷ್ಯರೆ? ಅಥವಾ ನಮ್ಮ ನಿಮ್ಮಂಥವರೇ ಒಂದು ದಿನ ಯಾವುದೋ ಕಾರಣಕ್ಕೆ ಓಡತೊಡಗಿ, ಮತ್ತೆ ನಿಲ್ಲದೆ ಹೋದವರೆ?

ಕನ್ನಡದಲ್ಲಿ ‘ಕಾಲಿಗೆ ಬುದ್ಧಿ ಹೇಳಿದ’ ಎಂದರೆ ಪಲಾಯನ ಮಾಡಿದ ಎಂದೇ ಅರ್ಥ. ಓಟವೆಂದರೆ ಅಪಾಯದಿಂದ ತಪ್ಪಿಸಿಕೊಳ್ಳುವುದು. ಸುಮ್ಮನೆ ಓಡುವವನನ್ನು ಕಂಡರೆ ಹಳ್ಳಿಯಲ್ಲಿ ಇವತ್ತಿಗೂ ‘ಏನಾಯ್ತಪ್ಪಾ?’ ಎಂದು ಕೇಳುವುದುಂಟು. ಕಾರಣವಿಲ್ಲದೆ ಓಡುವುದು ನಮ್ಮ ನುಡಿಗೆ ಹೊಸದು. ದೂರದ ಓಟಗಾರರ ಮನಸ್ಸನ್ನು ಅರಿಯಬೇಕಾದರೆ ಕಾರಣವಿದ್ದ ಓಟಗಳಿಂದಲೇ ಆರಂಭಿಸಬೇಕು.

ಹೊಟ್ಟೆಗಾಗಿ ಓಡಿದವರು

ಭಯದ ಓಟ ಎಲ್ಲಕ್ಕಿಂತ ಹಳೆಯದು. ಯುದ್ಧ, ಬರ, ಗಲಭೆಗಳ ಕಾಲದಲ್ಲಿ ಊರು ತೊರೆದು ಬಂದವರನ್ನು ನಾವು ‘ಓಡಿ ಬಂದವರು’ ಎನ್ನುತ್ತೇವೆ, ಅವರು ರೈಲಿನಲ್ಲಿ ಬಂದಿದ್ದರೂ ಸರಿ. ರಾಯಚೂರು ಜಿಲ್ಲೆಯ ಸಿಂಧನೂರಿನ ಬಳಿ ಇರುವ ಆರ್.ಎಚ್. ಕ್ಯಾಂಪ್ ಅಂಥ ಊರು. ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಪುನರ್ವಸತಿಗಾಗಿ ಎದ್ದ ಊರದು. ಅಂಥವರಿಗೆ ಓಟ ಎಂಬುದು ಆಯ್ಕೆಯಲ್ಲ. ನೆಲೆ ಸಿಕ್ಕ ಕೂಡಲೆ ಅದು ನಿಲ್ಲುತ್ತದೆ, ನಿಲ್ಲಲೇಬೇಕು.

ಎರಡನೆಯದು ಹೊಟ್ಟೆಯ ಓಟ. ರಸ್ತೆ, ರೈಲು ಬರುವ ಮುಂಚೆ ಸುದ್ದಿ ಸಾಗುತ್ತಿದ್ದುದು ಕುದುರೆಯ ಮೇಲೆ ಅಥವಾ ಮನುಷ್ಯನ ಕಾಲಿನ ಮೇಲೆ. 14ನೇ ಶತಮಾನದಲ್ಲಿ ಭಾರತಕ್ಕೆ ಬಂದಿದ್ದ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ, ತುಘಲಕ್ ಆಡಳಿತದ ಓಟದ ಅಂಚೆಯನ್ನು ಬೆರಗಿನಿಂದ ವರ್ಣಿಸಿದ್ದಾನೆ. ಒಂದು ಮೈಲಿಗೆ ಮೂರು ಠಾಣೆಗಳು. ಓಟಗಾರನ ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ತುದಿಗೆ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆಯ ಸದ್ದು ಕೇಳಿದೊಡನೆ ಮುಂದಿನ ಠಾಣೆಯವನು ಸಿದ್ಧನಾಗಿ ನಿಲ್ಲುತ್ತಿದ್ದ. ಈ ಕಾಲಾಳು ಅಂಚೆ ಕುದುರೆಯ ಅಂಚೆಗಿಂತಲೂ ವೇಗವಾಗಿತ್ತು ಎಂದು ಅವನು ಬರೆಯುತ್ತಾನೆ.

ಮೈಸೂರು ಸೀಮೆಯಲ್ಲಿ 17ನೇ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಸ್ಥಾಪನೆಯಾದ ಅಂಚೆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಂದಿಗೆ ವಿಲೀನವಾಗುವವರೆಗೂ ನಡೆಯಿತು. ಆ ಎರಡು ಶತಮಾನಗಳುದ್ದಕ್ಕೂ, ಆಮೇಲೂ ಬಹಳ ಕಾಲ, ಮಲೆನಾಡಿನ ಕಾಡುದಾರಿಯಲ್ಲಿ, ಬಯಲುಸೀಮೆಯ ಬಿಸಿಲಿನಲ್ಲಿ ಪತ್ರದ ಚೀಲ ಹೊತ್ತು ಸಾಗಿದವರು ಕಾಲಾಳುಗಳೇ. ಹಳ್ಳಿಯ ಅಂಚೆ ಕಚೇರಿಯಲ್ಲಿ ‘ರನ್ನರ್’ ಎಂಬ ಹುದ್ದೆಯ ಹೆಸರು ಓಡುವ ಅಗತ್ಯವಿಲ್ಲದ ಕಾಲಕ್ಕೂ ಉಳಿದುಕೊಂಡಿತು.

ಈ ಓಟಗಾರರ ಸ್ವಭಾವವನ್ನು ಯಾರೂ ಅಳೆಯಲಿಲ್ಲ. ಅವರಿಂದ ಬಯಸುತ್ತಿದ್ದುದು ಎರಡೇ ಗುಣ: ನಂಬಿಕೆ ಮತ್ತು ನಿಯಮ. ಮಳೆಯಿರಲಿ, ಜ್ವರವಿರಲಿ, ಚೀಲ ಮುಂದಿನ ಠಾಣೆಗೆ ಮುಟ್ಟಬೇಕು. ಅವರ ಓಟದಲ್ಲಿ ಕೀರ್ತಿ ಇರಲಿಲ್ಲ, ಹೆಸರೂ ಉಳಿಯಲಿಲ್ಲ. ಆದರೆ ದೂರದ ಓಟಕ್ಕೆ ಬೇಕಾದ ಮುಖ್ಯ ಪಾಠ ಅವರ ಬದುಕಿನಲ್ಲೇ ಇತ್ತು. ದೂರವನ್ನು ಗೆಲ್ಲುವುದು ಒಂದು ದಿನದ ಆವೇಶವಲ್ಲ, ದಿನದಿನದ ರೂಢಿ.

ಬೆಳಗಾವಿಯಿಂದ ಆಂಟ್‌ವರ್ಪ್‌ಗೆ

ಹೊಟ್ಟೆಯ ಓಟದಿಂದ ಮಾನದ ಓಟಕ್ಕೆ ದಾಟಿದ ಕನ್ನಡ ನಾಡಿನ ಮೊದಲಿಗರಲ್ಲಿ ಒಬ್ಬರ ಹೆಸರು ಮಾತ್ರ ದಾಖಲೆಯಲ್ಲಿ ಉಳಿದಿದೆ. ಅವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ.

ಕಥೆ ಪುಣೆಯಿಂದ ಆರಂಭವಾಗುತ್ತದೆ. ಅಲ್ಲಿನ ಡೆಕ್ಕನ್ ಜಿಮ್ಖಾನಾ ಸಂಸ್ಥೆಯ ಮೊದಲ ಅಧ್ಯಕ್ಷರಾಗಿದ್ದವರು ಉದ್ಯಮಿ ಸರ್ ದೊರಾಬ್ಜಿ ಟಾಟಾ. ಇಂಗ್ಲೆಂಡಿನಲ್ಲಿ ಓದಿ ಅಲ್ಲಿನ ಆಟಗಳಲ್ಲಿ ಪಳಗಿದ್ದ ಅವರು ಜಿಮ್ಖಾನಾದ ಕ್ರೀಡಾಕೂಟದಲ್ಲಿ ಕಂಡದ್ದನ್ನು 1929ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ನೆನೆದಿದ್ದಾರೆ. ಸ್ಪರ್ಧಿಗಳೆಲ್ಲ ಹೊಲದಲ್ಲಿ ದುಡಿಯುವ ಬಡ ರೈತರ ಮಕ್ಕಳು. ಯುರೋಪಿನ ನಿಯಮಗಳಾಗಲಿ, ತರಬೇತಿಯಾಗಲಿ ಅವರಿಗೆ ಗೊತ್ತಿರಲಿಲ್ಲ. ಆದರೆ ಅಲ್ಲಿನ ದೊಡ್ಡ ಆಕರ್ಷಣೆ ಸುಮಾರು 25 ಮೈಲಿಯ ಓಟ. ಗಟ್ಟಿ ರಸ್ತೆಯ ಮೇಲೆ ಬರಿಗಾಲಿನಲ್ಲಿ ಓಡಿದ ಆ ಹುಡುಗರಲ್ಲಿ ಮುಂದಿದ್ದವರು ತೆಗೆದುಕೊಂಡ ಸಮಯ ಯುರೋಪಿನ ಓಟಗಾರರ ಸಮಯಕ್ಕೆ ಹೋಲಿಸುವಂತಿತ್ತು. 1919ರಲ್ಲಿ ದೊರಾಬ್ಜಿಯವರು ಮೂವರು ಓಟಗಾರರನ್ನು ತಮ್ಮ ಖರ್ಚಿನಲ್ಲಿ ಒಲಿಂಪಿಕ್ಸ್‌ಗೆ ಕಳಿಸುವ ಮಾತನಾಡಿದರು. ಅದೇ ಬೆಳೆದು ಒಂದು ಪುಟ್ಟ ತಂಡವಾಯಿತು. ಹೀಗೆ ಭಾರತದ ಒಲಿಂಪಿಕ್ ತಂಡ ಎಂಬ ಕಲ್ಪನೆ ಹುಟ್ಟಿದ್ದೇ ದೂರದ ಓಟಗಾರರ ಬರಿಗಾಲಿನಿಂದ.

1920ರ ಆಗಸ್ಟ್ 22ರಂದು ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಮ್ಯಾರಥಾನ್ ನಡೆಯಿತು. ಇಂದಿನ 42.195 ಕಿಲೋಮೀಟರಿನ ಅಳತೆ ಆಗಿನ್ನೂ ಕಾಯಂ ಆಗಿರಲಿಲ್ಲ, ಅದು ಆದದ್ದು ಮರುವರ್ಷ. ಆಂಟ್‌ವರ್ಪ್‌ನ ದಾರಿ 42.75 ಕಿಲೋಮೀಟರ್, ಅಂದರೆ ಈಗಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಫಿನ್ಲೆಂಡಿನ ಹ್ಯಾನೆಸ್ ಕೋಲೆಹ್ಮೈನೆನ್ 2 ಗಂಟೆ 32 ನಿಮಿಷ 35 ಸೆಕೆಂಡುಗಳಲ್ಲಿ ಗೆದ್ದರು. ಎರಡನೆಯವರು ಅವರಿಗಿಂತ 13 ಸೆಕೆಂಡಿನಷ್ಟು ಮಾತ್ರ ಹಿಂದೆ. ಭಾರತದಿಂದ ಹೋಗಿದ್ದ ಸದಾಶಿವ ದಾತಾರ್ ಓಟ ಮುಗಿಸಲಾಗಲಿಲ್ಲ. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ 19ನೆಯವರಾಗಿ ಬಂದರು.

ಹತ್ತೊಂಬತ್ತು ಎಂಬ ಅಂಕಿ ಕೇಳಲು ದೊಡ್ಡದಲ್ಲ. ಆದರೆ ಲೆಕ್ಕ ಹಾಕಿ ನೋಡಬೇಕು. ಅದು ಕಿಲೋಮೀಟರಿಗೆ ಸುಮಾರು ನಾಲ್ಕು ನಿಮಿಷದ ವೇಗ, ಅದೂ ನಲವತ್ತೆರಡು ಕಿಲೋಮೀಟರಿನುದ್ದಕ್ಕೂ. ಒಳ್ಳೆಯ ಬೂಟು, ಗಡಿಯಾರ, ತರಬೇತಿ ಎಲ್ಲ ಇರುವ ಇಂದಿನ ಹವ್ಯಾಸಿ ಓಟಗಾರರಲ್ಲಿ ಬಹುಪಾಲು ಮಂದಿಗೆ ಆ ವೇಗ ಈಗಲೂ ಕೈಗೆಟುಕದ್ದು. ಹಡಗು ಹತ್ತಿ, ಬೇರೆ ಹವೆಯ, ಬೇರೆ ಊಟದ, ಬೇರೆ ಮಾತಿನ ನಾಡಿಗೆ ಹೋಗಿ, ಮಹಾಯುದ್ಧ ಮುಗಿದು ಎರಡು ವರ್ಷವೂ ತುಂಬದ ಊರಿನಲ್ಲಿ ಅವರು ಹಾಗೆ ಓಡಿದರು.

ದೊರಾಬ್ಜಿಯವರ ಪತ್ರ ಓಡಿಸಿದವರ ಕಣ್ಣಿನಿಂದ ಬರೆದದ್ದು, ಓಡಿದವರ ಕಣ್ಣಿನಿಂದಲ್ಲ. ಅದರಲ್ಲಿ ದೇಶದ ಹೆಮ್ಮೆ ಇದೆ, ಪ್ರತಿಭೆಗೆ ಸಂದ ಮೆಚ್ಚುಗೆ ಇದೆ. ಓಟಗಾರನ ಒಳಗನ್ನು ಕೇಳುವ ರೂಢಿ ಆಗ ಇರಲಿಲ್ಲ. ‘ನೀವು ಯಾಕೆ ಓಡುತ್ತೀರಿ’ ಎಂದು ಓಟಗಾರನನ್ನೇ ಕೂರಿಸಿ ಕೇಳುವ ಶಾಸ್ತ್ರ ಹುಟ್ಟಲು ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು.

ಅಚ್ಚು ಹುಡುಕಿದವರು

1970ರ ದಶಕದಲ್ಲಿ ಅಮೆರಿಕದಲ್ಲಿ ಓಟದ ಅಲೆ ಎದ್ದಿತು. ನ್ಯೂಯಾರ್ಕ್ ನಗರದ ಮೊದಲ ಮ್ಯಾರಥಾನ್ 1970ರಲ್ಲಿ ನಡೆದಾಗ ಹೊರಟವರು 127 ಮಂದಿ, ಮುಗಿಸಿದವರು 55. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಫ್ರಾಂಕ್ ಶಾರ್ಟರ್ ಮ್ಯಾರಥಾನ್ ಗೆದ್ದ ಮೇಲೆ ಗುಮಾಸ್ತರು, ವೈದ್ಯರು, ಗೃಹಿಣಿಯರು ಬೀದಿಗಿಳಿದರು. ಹೊಟ್ಟೆಗೂ ಅಲ್ಲ, ದೇಶದ ಮಾನಕ್ಕೂ ಅಲ್ಲ, ತಮಗಾಗಿ ಓಡುವ ಜನ ಸಾವಿರಗಟ್ಟಲೆ ಕಾಣಿಸಿಕೊಂಡರು. ಮನಶ್ಶಾಸ್ತ್ರಜ್ಞರಿಗೆ ಕುತೂಹಲ ಹುಟ್ಟಿದ್ದು ಆಗ.

ಅವರು ಮೊದಲು ಹುಡುಕಿದ್ದು ಒಂದು ಅಚ್ಚನ್ನು. ದೂರದ ಓಟಗಾರ ಮಿತಭಾಷಿ, ಅಂತರ್ಮುಖಿ, ಒಂಟಿತನವನ್ನು ಇಷ್ಟಪಡುವವನು ಎಂಬ ಚಿತ್ರ ಜನರ ಮನಸ್ಸಿನಲ್ಲಿ ಆಗಲೇ ಇತ್ತು. 1959ರಲ್ಲಿ ಬಂದ ಅಲನ್ ಸಿಲ್ಲಿಟೋ ಅವರ ಇಂಗ್ಲಿಷ್ ಕಥೆಯೊಂದು ದೂರದ ಓಟಗಾರನ ಒಂಟಿತನವನ್ನೇ ಹೆಸರಾಗಿಸಿಕೊಂಡಿತ್ತು. ಬಾಲಾಪರಾಧಿಗಳ ಶಾಲೆಯ ಹುಡುಗನೊಬ್ಬ ತನ್ನ ಮೇಲಧಿಕಾರಿಯ ಕೀರ್ತಿಗಾಗಿ ಓಡಲು ಒಪ್ಪದೆ, ಗೆಲ್ಲುವ ಓಟವನ್ನು ಬೇಕೆಂದೇ ಸೋಲುವ ಕಥೆ ಅದು. ವಿಲಿಯಂ ಮಾರ್ಗನ್ ಮತ್ತು ಡೇವಿಡ್ ಕಾಸ್ಟಿಲ್ 1972ರಲ್ಲಿ ಕೆಲವೇ ಮ್ಯಾರಥಾನ್ ಓಟಗಾರರನ್ನು ಪರೀಕ್ಷಿಸಿ, ಅವರು ಅಂತರ್ಮುಖಿಗಳೂ ಕಡಿಮೆ ಆತಂಕದವರೂ ಆಗಿದ್ದಾರೆ ಎಂದು ಬರೆದಾಗ ಆ ಚಿತ್ರಕ್ಕೆ ವಿಜ್ಞಾನದ ಮುದ್ರೆ ಬಿದ್ದಂತಾಯಿತು.

ಆದರೆ ಅದೇ ಮಾರ್ಗನ್, ಮೈಕೆಲ್ ಪೊಲಾಕ್ ಅವರೊಂದಿಗೆ ಅಮೆರಿಕದ ಅತ್ಯುತ್ತಮ ಓಟಗಾರರನ್ನು ಪರೀಕ್ಷಿಸಿ 1977ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಮಾತು ಹೇಳಿತು. ಮೂಲ ಸ್ವಭಾವದಲ್ಲಿ ಅತ್ಯುತ್ತಮ ಓಟಗಾರರಿಗೂ ಉಳಿದ ಓಟಗಾರರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅವರಲ್ಲಿ ಮಾತುಗಾರರೂ ಇದ್ದರು, ಮೌನಿಗಳೂ ಇದ್ದರು. ಎದ್ದು ಕಂಡದ್ದು ಅವರ ಮನಃಸ್ಥಿತಿ. ಉದ್ವೇಗ, ಖಿನ್ನತೆ, ಕೋಪ, ಆಯಾಸ, ಗೊಂದಲ ಇವು ಸಾಮಾನ್ಯ ಜನರಿಗಿಂತ ಕಡಿಮೆ, ಚೈತನ್ಯ ಮಾತ್ರ ಬಹಳ ಹೆಚ್ಚು. ಇದನ್ನು ರೇಖಾಚಿತ್ರದಲ್ಲಿ ಬರೆದಾಗ ನೀರಿನ ಮೇಲೆ ತಲೆಯೆತ್ತಿದ ಹಿಮಗಡ್ಡೆಯಂತೆ ಕಂಡದ್ದರಿಂದ ಅದಕ್ಕೆ ‘ಹಿಮಗಡ್ಡೆ ಚಿತ್ರ’ ಎಂಬ ಹೆಸರೇ ಬಂತು. ಆದರೆ ಚೈತನ್ಯವಿದ್ದುದರಿಂದ ಓಡಿದರೋ, ಓಡಿದ್ದರಿಂದ ಚೈತನ್ಯ ಬಂತೋ ಎಂಬುದನ್ನು ಈ ಚಿತ್ರವೊಂದೇ ಹೇಳಲಾರದು.

ಅದೇ ಅಧ್ಯಯನದ ಇನ್ನೊಂದು ಸಂಗತಿ ಅದಕ್ಕಿಂತ ಸ್ವಾರಸ್ಯಕರ. ಓಡುವಾಗ ತಲೆಯೊಳಗೆ ಏನು ನಡೆಯುತ್ತದೆ ಎಂದು ಕೇಳಿದಾಗ ಸಾಮಾನ್ಯ ಓಟಗಾರರು ನೋವನ್ನು ಮರೆಯಲು ಮನಸ್ಸನ್ನು ಬೇರೆಡೆಗೆ ಕಳಿಸುತ್ತೇವೆ ಎಂದರು. ಒಬ್ಬರು ಹಳೆಯ ದಿನಗಳನ್ನು ನೆನೆಯುತ್ತಾರೆ, ಇನ್ನೊಬ್ಬರು ಮನಸ್ಸಿನಲ್ಲೇ ಮನೆ ಕಟ್ಟುತ್ತಾರೆ. ಅತ್ಯುತ್ತಮ ಓಟಗಾರರು ಮಾಡುತ್ತಿದ್ದುದು ಇದಕ್ಕೆ ತದ್ವಿರುದ್ಧ. ಅವರು ಉಸಿರು, ಮೀನಖಂಡ, ಪಾದ, ಬಾಯಾರಿಕೆ ಎಲ್ಲವನ್ನೂ ಗಳಿಗೆ ಗಳಿಗೆಗೂ ಗಮನಿಸಿ, ಅದಕ್ಕೆ ತಕ್ಕಂತೆ ವೇಗವನ್ನು ಹೊಂದಿಸಿಕೊಳ್ಳುತ್ತಿದ್ದರು. ಅವರು ನೋವನ್ನು ಮರೆಯುವವರಲ್ಲ, ನೋವಿನ ಮಾತನ್ನು ಕೇಳಿಸಿಕೊಳ್ಳುವವರು. ದೂರದ ಓಟಗಾರನೆಂದರೆ ಹಟಮಾರಿ, ನೋವು ತಿಳಿಯದವನು ಎಂಬ ಜನಪ್ರಿಯ ನಂಬಿಕೆಗೆ ಇದು ಸರಿಯಾದ ಉತ್ತರ.

ಕಾರಣಗಳ ಪಟ್ಟಿ

ಸ್ವಭಾವದ ಅಚ್ಚು ಸಿಗದಿದ್ದಾಗ ವಿದ್ವಾಂಸರು ಕಾರಣಗಳ ಕಡೆ ತಿರುಗಿದರು. 1993ರಲ್ಲಿ ಕೆವಿನ್ ಮಾಸ್ಟರ್ಸ್, ಬೆಂಜಮಿನ್ ಓಗಲ್ಸ್ ಮತ್ತು ಸಂಗಡಿಗರು ಮ್ಯಾರಥಾನ್ ಓಟಗಾರರ ಪ್ರೇರಣೆಗಳನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಅದರಲ್ಲಿ ಒಂಬತ್ತು ಬಗೆಯ ಕಾರಣಗಳಿವೆ: ಆರೋಗ್ಯ, ಮೈತೂಕ, ಗೆಳೆತನ, ನಾಲ್ವರ ಮೆಚ್ಚುಗೆ, ಸ್ಪರ್ಧೆ, ತಾನೇ ಹಾಕಿಕೊಂಡ ಗುರಿ, ಮನಸ್ಸಿನ ಕಷ್ಟವನ್ನು ನಿಭಾಯಿಸುವುದು, ಆತ್ಮಗೌರವ, ಬದುಕಿಗೊಂದು ಅರ್ಥ. ಹೆಚ್ಚಿನವರಲ್ಲಿ ಒಂದೇ ಕಾರಣವಿರುವುದಿಲ್ಲ, ಹಲವು ಕಾರಣಗಳು ಹೆಣೆದುಕೊಂಡಿರುತ್ತವೆ. ಕಾರಣಗಳು ವಯಸ್ಸಿನೊಂದಿಗೆ ಬೇರೆಯಾಗುತ್ತವೆ ಎಂಬುದು ಅದಕ್ಕಿಂತ ಮುಖ್ಯ. ಓಗಲ್ಸ್ ಮತ್ತು ಮಾಸ್ಟರ್ಸ್ 2000ದಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ಕಿರಿಯರು ಮುಖ್ಯವಾಗಿ ಗುರಿಯನ್ನು ಬೆನ್ನಟ್ಟುತ್ತಿದ್ದರು. ಹಿರಿಯರು ಆರೋಗ್ಯ, ಸಹವಾಸ, ಬದುಕಿನ ಅರ್ಥ ಇವುಗಳಿಗೆ ಹೆಚ್ಚು ತೂಕ ಕೊಡುತ್ತಿದ್ದರು.

ಗುರಿಯ ಹಿಡಿತ ಎಷ್ಟು ಬಲವಾದದ್ದು ಎಂಬುದನ್ನು ಅರ್ಥಶಾಸ್ತ್ರಜ್ಞರೂ ತೋರಿಸಿದ್ದಾರೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸುಮಾರು 98 ಲಕ್ಷ ಮ್ಯಾರಥಾನ್ ಫಲಿತಾಂಶಗಳನ್ನು ಪರಿಶೀಲಿಸಿತು. ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಮುಗಿಸಿದವರ ಸಂಖ್ಯೆ, ನಾಲ್ಕು ಗಂಟೆ ದಾಟಿದ ಕೂಡಲೆ ಮುಗಿಸಿದವರಿಗಿಂತ ಎದ್ದು ಕಾಣುವಷ್ಟು ಹೆಚ್ಚು. ಮೂರು, ಮೂರೂವರೆ ಗಂಟೆಗಳ ಬಳಿಯೂ ಹೀಗೆಯೇ. ಗಡಿಯಾರದ ಒಂದು ದುಂಡು ಅಂಕಿಗೆ ನಿಜವಾದ ಬೆಲೆ ಏನೂ ಇಲ್ಲ. ಆದರೂ ದಣಿದ ಕಾಲನ್ನು ಕೊನೆಯ ಎರಡು ಕಿಲೋಮೀಟರು ಎಳೆದೊಯ್ಯುವುದು ಅದೇ ಅಂಕಿ.

ಇನ್ನೊಂದು ತುದಿಯಲ್ಲಿ ಫೌಜಾ ಸಿಂಗ್ ಇದ್ದಾರೆ. ಪಂಜಾಬಿನಲ್ಲಿ ಹುಟ್ಟಿ, ಹೆಂಡತಿಯನ್ನೂ ಮಗನನ್ನೂ ಕಳೆದುಕೊಂಡ ದುಃಖದಲ್ಲಿ ಇಂಗ್ಲೆಂಡಿನಲ್ಲಿ ಓಡತೊಡಗಿದವರು. ತಮ್ಮ ಮೊದಲ ಮ್ಯಾರಥಾನನ್ನು 2000ದಲ್ಲಿ ಲಂಡನ್ನಿನಲ್ಲಿ ಓಡಿದಾಗ ಅವರ ವಯಸ್ಸು 89 ಎಂದು ಹೇಳಲಾಗಿತ್ತು. 2011ರಲ್ಲಿ ಟೊರಾಂಟೊದಲ್ಲಿ, ನೂರನೆಯ ವಯಸ್ಸಿನಲ್ಲಿ, ಎಂಟು ಗಂಟೆ ದಾಟಿದ ಮೇಲೆ ಅವರು ಇಡೀ ಮ್ಯಾರಥಾನ್ ಮುಗಿಸಿದರು. 2025ರಲ್ಲಿ ಜಲಂಧರ್ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರಿಗೆ ನಾಲ್ಕು ಗಂಟೆಯ ಗುರಿಯೂ ಇರಲಿಲ್ಲ, ತೂಕದ ಚಿಂತೆಯೂ ಇರಲಿಲ್ಲ. ಮನೆಯಲ್ಲಿ ಕುಳಿತರೆ ನುಂಗಿಬಿಡುವ ದುಃಖಕ್ಕೆ ಓಟ ಒಂದು ದಾರಿಯಾಯಿತು.

ಬದುಕಿನ ಅರ್ಥಕ್ಕಾಗಿ ಕಾಲನ್ನು ದಣಿಸುವುದು ನಮಗೆ ಹೊಸದೇನಲ್ಲ. ಯುಗಾದಿಯ ಸುಮಾರಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಶ್ರೀಶೈಲ ಮಲ್ಲಯ್ಯನ ಜಾತ್ರೆಗೆ ಹೊರಡುವ ಪಾದಯಾತ್ರಿಗಳು ನೂರಾರು ಕಿಲೋಮೀಟರ್ ನಡೆಯುತ್ತಾರೆ. ಹಲವರು ಬರಿಗಾಲಿನಲ್ಲಿ, ಕೆಲವರು ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು. ರಾಯಚೂರು ಜಿಲ್ಲೆಯ ಊರುಗಳು ಅವರಿಗೆ ನೀರು, ಊಟ, ನೆರಳು ಕೊಟ್ಟು ಕಳಿಸುತ್ತವೆ. ಅದು ಭಕ್ತಿ, ಕ್ರೀಡೆಯಲ್ಲ. ಆದರೆ ಎರಡರಲ್ಲೂ ಸಮಾನವಾದದ್ದೊಂದಿದೆ. ಬಸ್ಸಿನಲ್ಲಿ ಹೋಗಿಯೂ ತಲುಪಬಹುದಾದ ಜಾಗವನ್ನು ಕಾಲಿನಿಂದಲೇ ತಲುಪಿದರೆ ತಲುಪಿದವನೇ ಬೇರೆಯಾಗುತ್ತಾನೆ ಎಂಬ ನಂಬಿಕೆ ಅದು.

ನಿಲ್ಲಲಾರದ ಓಟ

ಓಟದಿಂದ ಸಿಗುವ ಹಿತವೂ ಒಂದು ಪ್ರೇರಣೆ. ದೀರ್ಘಕಾಲ ಓಡಿದ ಮೇಲೆ ಮನಸ್ಸು ಹಗುರಾಗಿ, ಒಂದು ಬಗೆಯ ಉಲ್ಲಾಸ ಆವರಿಸುತ್ತದೆ ಎಂದು ಓಟಗಾರರು ಹೇಳುತ್ತಾರೆ. ಇದಕ್ಕೆ ಮಿದುಳಿನಲ್ಲಿ ಹುಟ್ಟುವ, ಅಫೀಮಿನಂತೆ ಕೆಲಸ ಮಾಡುವ ಎಂಡಾರ್ಫಿನ್ ಕಾರಣ ಎಂಬುದು ಬಹುಕಾಲದ ವಿವರಣೆ. 2008ರಲ್ಲಿ ಜರ್ಮನಿಯ ವಿಜ್ಞಾನಿಗಳು ಎರಡು ಗಂಟೆ ಓಡಿದ ಹತ್ತು ಮಂದಿಯ ಮಿದುಳಿನ ಚಿತ್ರ ತೆಗೆದು ಇದಕ್ಕೆ ಆಧಾರ ಒದಗಿಸಿದರು. ಆದರೆ 2021ರಲ್ಲಿ ಜರ್ಮನಿಯಲ್ಲೇ ನಡೆದ ಇನ್ನೊಂದು ಪ್ರಯೋಗದಲ್ಲಿ ಎಂಡಾರ್ಫಿನ್‌ನ ಪ್ರಭಾವವನ್ನು ತಡೆಯುವ ಔಷಧ ಕೊಟ್ಟರೂ ಓಟಗಾರರ ಉಲ್ಲಾಸ ಕುಗ್ಗಲಿಲ್ಲ. ಹೀಗಾಗಿ ಗಮನ ಈಗ ಭಂಗಿಯಲ್ಲಿರುವ ಮಾದಕ ಅಂಶವನ್ನು ಹೋಲುವ, ದೇಹವೇ ತಯಾರಿಸುವ ಎಂಡೋಕ್ಯಾನಬಿನಾಯ್ಡ್ ಎಂಬ ರಾಸಾಯನಿಕಗಳತ್ತ ಹರಿದಿದೆ.

ಅಫೀಮು, ಭಂಗಿ ಎಂಬ ಹೋಲಿಕೆಗಳು ಬಂದ ಮೇಲೆ ಚಟದ ಪ್ರಶ್ನೆಯೂ ಬರುತ್ತದೆ. 1970ರಲ್ಲಿ ಫ್ರೆಡರಿಕ್ ಬೇಕ್ಲೆಂಡ್ ಎಂಬ ಅಮೆರಿಕದ ಸಂಶೋಧಕರು ವ್ಯಾಯಾಮ ಬಿಟ್ಟರೆ ನಿದ್ರೆಗೆ ಏನಾಗುತ್ತದೆ ಎಂದು ತಿಳಿಯಲು ಹೊರಟರು. ಒಂದು ತಿಂಗಳು ವ್ಯಾಯಾಮ ನಿಲ್ಲಿಸಿದವರಿಗೆ ಹಣ ಕೊಡುವುದಾಗಿ ಹೇಳಿದರು. ವಾರದಲ್ಲಿ ಐದಾರು ದಿನ ವ್ಯಾಯಾಮ ಮಾಡುವವರು ಎಷ್ಟು ಹಣ ಕೊಟ್ಟರೂ ಒಪ್ಪಲಿಲ್ಲ. ಕೊನೆಗೆ ಮೂರು ನಾಲ್ಕು ದಿನ ಮಾಡುವವರಿಂದಲೇ ಪ್ರಯೋಗ ನಡೆಸಬೇಕಾಯಿತು. ಅವರ ನಿದ್ರೆ ಕೆಟ್ಟಿತು, ಆತಂಕ ಹೆಚ್ಚಿತು. ಪ್ರಯೋಗ ಕೊಟ್ಟ ಫಲಕ್ಕಿಂತ, ಹಣಕ್ಕೂ ಒಪ್ಪದವರ ನಿರಾಕರಣೆಯೇ ಮುಂದೆ ಹೆಚ್ಚು ಚರ್ಚೆಯಾಯಿತು.

1976ರಲ್ಲಿ ಮನೋವೈದ್ಯ ವಿಲಿಯಂ ಗ್ಲಾಸರ್ ಇದನ್ನು ಒಳ್ಳೆಯ ಚಟ ಎಂದು ಕರೆದರು. ಕುಡಿತದಂಥವು ಮನುಷ್ಯನನ್ನು ಕುಗ್ಗಿಸಿದರೆ, ಓಟ ಅವನ ಬಲವನ್ನು ಹೆಚ್ಚಿಸುತ್ತದೆ ಎಂಬುದು ಅವರ ವಾದ. ಮೂರೇ ವರ್ಷದಲ್ಲಿ ಮಾರ್ಗನ್ ಇದರ ಇನ್ನೊಂದು ಮಗ್ಗುಲನ್ನು ತೋರಿಸಿದರು. ಎಲುಬು ಸೀಳಿದ್ದರೂ ಓಡುವವರು, ಹೆಂಡತಿ ಮಕ್ಕಳಿಗಿಂತ, ಉದ್ಯೋಗಕ್ಕಿಂತ ಓಟವನ್ನೇ ಮೊದಲು ಮಾಡಿಕೊಂಡವರು, ಒಂದು ದಿನ ತಪ್ಪಿದರೆ ಚಡಪಡಿಸುವವರು ಇದ್ದಾರೆ. ಅವರಿಗೆ ಓಟ ಗುಲಾಮಗಿರಿ ಎಂದರು. 1983ರಲ್ಲಿ ಅಲೇನ್ ಯೇಟ್ಸ್ ಮತ್ತು ಸಂಗಡಿಗರು ಓಟದ ಗೀಳಿಗೆ ಬಿದ್ದ ಗಂಡಸರನ್ನು ಊಟ ತ್ಯಜಿಸಿ ಸೊರಗುವ ಮನೋರೋಗಿಗಳಿಗೆ ಹೋಲಿಸಿದರು. ಆ ಹೋಲಿಕೆ ಅತಿಯಾಯಿತು ಎಂದು ಮರುವರ್ಷವೇ ಬೇರೆ ಸಂಶೋಧಕರು ತೋರಿಸಿದರು. ಹೆಚ್ಚು ಓಡುವವರೆಲ್ಲ ರೋಗಿಗಳಲ್ಲ.

ಈ ವಾದವಿವಾದಗಳಿಂದ ಉಳಿದದ್ದು ಒಂದು ಸರಳ ಒರೆಗಲ್ಲು. ಎಷ್ಟು ಓಡುತ್ತಾನೆ ಎಂಬುದು ಮುಖ್ಯವಲ್ಲ, ಬೇಕಾದಾಗ ನಿಲ್ಲಬಲ್ಲನೇ ಎಂಬುದು ಮುಖ್ಯ. ಅತಿಯಾದರೆ ಅಮೃತವೂ ವಿಷ ಎಂಬ ಮಾತಿನಲ್ಲಿ ಅತಿಯ ಅಳತೆ ಕಿಲೋಮೀಟರಿನಲ್ಲಿಲ್ಲ. ವೈದ್ಯರು ಹದಿನೈದು ದಿನ ಬೇಡ ಎಂದಾಗ ಬೂಟು ಬಿಚ್ಚಿಡಬಲ್ಲವನಿಗೆ ಓಟ ಸಂಗಾತಿ. ಬಿಚ್ಚಲಾರದವನನ್ನು ಮತ್ತೆ ಆ ಹಳೆಯ ಭಯವೇ ಅಟ್ಟುತ್ತಿದೆ. ವ್ಯತ್ಯಾಸವಿಷ್ಟೆ, ಅಟ್ಟುವವನು ಈಗ ಹೊರಗಿಲ್ಲ, ಒಳಗಿದ್ದಾನೆ.

ನಸುಕಿನ ರಸ್ತೆಯಲ್ಲಿ

ಕರ್ನಾಟಕದಲ್ಲಿ ಇಂದು ಎಲ್ಲ ಬಗೆಯ ಓಟಗಳೂ ಒಟ್ಟಿಗೇ ನಡೆಯುತ್ತಿವೆ. 2008ರಲ್ಲಿ ಆರಂಭವಾದ ಬೆಂಗಳೂರಿನ 10 ಕಿಲೋಮೀಟರ್ ಓಟಕ್ಕೆ ಪ್ರಪಂಚದ ಹೆಸರಾಂತ ಓಟಗಾರರೂ ಬರುತ್ತಾರೆ, ಅವರ ಹಿಂದೆ ಕಚೇರಿಯ ಕುರ್ಚಿಯಿಂದ ಎದ್ದು ಬಂದ ಸಾವಿರಾರು ಮಂದಿಯೂ ಓಡುತ್ತಾರೆ. ಅತ್ತ ಉತ್ತರ ಕರ್ನಾಟಕದ ಊರುಗಳಲ್ಲಿ ನಸುಕಿಗೇ ಎದ್ದು ರಸ್ತೆಯಂಚಿನಲ್ಲಿ ಓಡುವ ಹುಡುಗ ಹುಡುಗಿಯರ ಕಾರಣ ಬೇರೆ. ಪೊಲೀಸ್ ಅಥವಾ ಸೇನೆಯ ಭರ್ತಿ ಅವರ ಗುರಿ. ಸೇನೆಯ ಭರ್ತಿಯಲ್ಲಿ ಹುಡುಗರು 1,600 ಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ ಅಂಕ. ಕೆಲವೇ ಸೆಕೆಂಡು ತಡವಾದರೆ ಮನೆಯವರ ಕನಸು ಮುಂದಿನ ವರ್ಷಕ್ಕೆ ಹೋಗುತ್ತದೆ. ಇದು ಹಳೆಯ ಅಂಚೆ ಓಟಗಾರನ ಓಟವೇ. ಹೊತ್ತ ಚೀಲದಲ್ಲಿರುವುದು ಮಾತ್ರ ತಮ್ಮದೇ ಮನೆಯ ಪತ್ರ.

ಇವರಲ್ಲಿ ಹೆಚ್ಚಿನವರು ಭರ್ತಿಯಾದ ಮೇಲೆ, ಅಥವಾ ವಯಸ್ಸು ಮೀರಿದ ಮೇಲೆ, ಓಡುವುದನ್ನು ಬಿಡುತ್ತಾರೆ. ಕಾರಣ ಮುಗಿಯಿತು, ಓಟವೂ ಮುಗಿಯಿತು. ಕೆಲವರು ಬಿಡುವುದಿಲ್ಲ. ಅವರಿಗೆ ಮೊದಲ ಕಾರಣದ ಜಾಗದಲ್ಲಿ ಇನ್ನೊಂದು ಕಾರಣ ಬಂದು ಕೂತಿರುತ್ತದೆ. ಅದು ಗೆಳೆಯರಿರಬಹುದು, ಬೆಳಗಿನ ಮೌನವಿರಬಹುದು, ತನ್ನ ಮೇಲೆ ತನಗೇ ಮೂಡಿದ ಗೌರವವಿರಬಹುದು. ನಿಷ್ಠೆಯ ಓಟಗಾರ ಹುಟ್ಟುವುದು ಈ ಬದಲಾವಣೆಯ ಗಳಿಗೆಯಲ್ಲಿ. ಅವನು ಬೇರೆ ಅಚ್ಚಿನಲ್ಲಿ ಎರಕ ಹೊಯ್ದ ಮನುಷ್ಯನಲ್ಲ. ಒಂದು ಕಾರಣ ಮುಗಿದಾಗ ಇನ್ನೊಂದನ್ನು ಕಂಡುಕೊಂಡವನು.

ಕಂಠೀರವ ಕ್ರೀಡಾಂಗಣದಲ್ಲಿ ಹೊರಟ ಜಾಗದಲ್ಲೇ ನಿಂತವರನ್ನು ಹಾಗೆ ನೋಡಬೇಕು. ಬೆಳಗಾವಿಯಿಂದ ಆಂಟ್‌ವರ್ಪ್‌ಗೆ ಹೋಗಿ ಬಂದ ಚೌಗುಲೆಯವರನ್ನೂ, ಹೆಸರಿಲ್ಲದೆ ಹೋದ ಅಂಚೆಯವರನ್ನೂ ಹಾಗೆಯೇ ನೋಡಬೇಕು. ಹೆದರಿ ಓಡುವವನು ಒಮ್ಮೆ ಕಾಲಿಗೆ ಬುದ್ಧಿ ಹೇಳಿದರೆ ಸಾಕು. ದೂರ ಓಡುವವನು ದಿನವೂ ಹೇಳಬೇಕು, ಕಾಲು ತಿರುಗಿ ಹೇಳಿದ್ದನ್ನು ಕೇಳಿಸಿಕೊಳ್ಳಲೂಬೇಕು.